ಆಲ್ಪ್ಸ್ ಕಣಿವೆಯಲ್ಲಿ ಸೈಕಲ್: ಏರಿಗಲ್ಲ, ಗಾಳಿಗೆ ಹೆದರಿ

ಆಲ್ಪ್ಸ್ ಪರ್ವತದಲ್ಲಿ ಸೈಕಲ್ ಪ್ರವಾಸ ಅಂದೊಡನೆ ನಮ್ಮವರ ಕಣ್ಣಿಗೆ ಕಟ್ಟುವುದು ಟೀವಿಯಲ್ಲಿ ಕಂಡ ಟೂರ್ ದ ಫ್ರಾನ್ಸ್. ಮುಗಿಯದ ಘಾಟಿ, ಬಾಯಿ ಬಿಟ್ಟುಕೊಂಡು ಪೆಡಲ್ ತುಳಿಯುವ ಬಡಕಲು ಮೈಯ ಸವಾರರು, ಪಕ್ಕದಲ್ಲಿ ಕೂಗುತ್ತ ಓಡುವ ಜನ. "ಅದು ನಮ್ಮಂಥವರಿಗಲ್ಲ ಬಿಡಿ" ಎಂದು ಮಾತು ಅಲ್ಲಿಗೇ ಮುಗಿಯುತ್ತದೆ. ಆದರೆ ಪರ್ವತದ ಪಾಸ್ ಹತ್ತುವುದು ಬೇರೆ, ಪರ್ವತಗಳ ನಡುವಿನ ಕಣಿವೆ ಹಿಡಿದು ಹೋಗುವುದು ಬೇರೆ. ಇಟಲಿಯ ಉತ್ತರದ ಅಂಚಿನಲ್ಲಿ, ದಕ್ಷಿಣ ಟಿರೋಲ್ ಪ್ರಾಂತ್ಯದಲ್ಲಿರುವ ಫಿನ್ಷ್‌ಗಾವ್ ಕಣಿವೆಯನ್ನೇ ನೋಡಿ. ಆಸ್ಟ್ರಿಯಾ ಗಡಿಗೆ ಅಂಟಿಕೊಂಡ ರೆಶೆನ್ ಪಾಸ್‌ನಿಂದ ಮೆರಾನ್ ಪಟ್ಟಣದವರೆಗೆ ಸುಮಾರು 80 ಕಿ.ಮೀ. ಉದ್ದದ ಸೈಕಲ್ ದಾರಿ ಇಲ್ಲಿದೆ. ಬಹುಪಾಲು ಅದಿಜೆ ನದಿಯ ಜೊತೆಗೇ, ಹೆದ್ದಾರಿಯ ಗದ್ದಲದಿಂದ ದೂರವಾಗಿ ಸಾಗುತ್ತದೆ. ಬೇಸಿಗೆಯಲ್ಲಿ ಮಕ್ಕಳನ್ನು ಹಿಂದಿನ ಗಾಡಿಯಲ್ಲಿ ಕೂರಿಸಿಕೊಂಡ ತಂದೆತಾಯಂದಿರೂ ಎಪ್ಪತ್ತು ದಾಟಿದವರೂ ಈ ದಾರಿಯಲ್ಲಿ ಸಿಗುತ್ತಾರೆ.

ಎತ್ತರದ ಭಯವನ್ನು ಬೇಗ ಮುಗಿಸಿಬಿಡಬಹುದು. ರೆಶೆನ್ ಪಾಸ್ ಇರುವುದು ಸಮುದ್ರಮಟ್ಟದಿಂದ 1,500 ಮೀಟರಿಗಿಂತ ತುಸು ಮೇಲೆ. ನಂದಿಬೆಟ್ಟದ ನೆತ್ತಿ 1,478 ಮೀಟರ್. ಭಾನುವಾರ ಬೆಳಗಿನ ಜಾವ ಬೆಂಗಳೂರಿನಿಂದ ಹೊರಟು ನಂದಿ ಹತ್ತಿ, ತಿಂಡಿ ಹೊತ್ತಿಗೆ ಮನೆ ಸೇರುವ ಸವಾರರಿಗೆ ಈ ಎತ್ತರದಲ್ಲಿ ಉಸಿರು ಕಟ್ಟುವ ಮಾತೇ ಇಲ್ಲ. ಮುಳ್ಳಯ್ಯನಗಿರಿ ಇದಕ್ಕಿಂತ 400 ಮೀಟರಿಗೂ ಹೆಚ್ಚು ಎತ್ತರ. ಮೆರಾನ್ ಅಂತೂ ಬರೀ 325 ಮೀಟರ್. ಬೆಂಗಳೂರಿಗಿಂತ ಎಷ್ಟೋ ತಗ್ಗು.

ಇಷ್ಟು ಹೇಳಿದೊಡನೆ ಜನ ಇನ್ನೊಂದು ತುದಿಗೆ ಹಾರುತ್ತಾರೆ: "ಹಾಗಾದರೆ ಮೇಲಿನಿಂದ ಕೆಳಕ್ಕೆ ಬರೀ ಇಳಿಜಾರು, ಪೆಡಲ್ ತುಳಿಯುವುದೇ ಬೇಡ." ಮೊದಲನೆಯದಕ್ಕಿಂತ ಈ ತಪ್ಪು ಹೆಚ್ಚು ದುಬಾರಿ, ಯಾಕೆಂದರೆ ಇದನ್ನು ನಂಬಿದವರು ಹೊರಟೇಬಿಡುತ್ತಾರೆ.

ಕಣಿವೆಯ ತಳ ಸಪಾಟಾದ ಜಾರುಹಲಗೆಯಲ್ಲ. ಅಕ್ಕಪಕ್ಕದ ಸೀಳುಕಣಿವೆಗಳಿಂದ ಹಳ್ಳಗಳು ಸಾವಿರಾರು ವರ್ಷ ಕಲ್ಲುಮಣ್ಣು ಹೊತ್ತು ತಂದು, ಬೀಸಣಿಗೆಯ ಆಕಾರದ ದೊಡ್ಡ ದಿಬ್ಬಗಳನ್ನು ಅಡ್ಡಡ್ಡ ಸುರಿದಿವೆ. ಮಾಲ್ಸ್ ಊರಿನ ಮೇಲಿರುವ ಮಾಲ್ಸರ್ ಹೈಡೆ ಆಲ್ಪ್ಸ್‌ನ ಅತಿ ದೊಡ್ಡ ಇಂಥ ದಿಬ್ಬಗಳಲ್ಲೊಂದು. ಲಾಸ್ ಮತ್ತು ಷ್ಲಾಂಡರ್ಸ್ ಊರುಗಳ ನಡುವೆ ಗಾದ್ರಿಯಾ ಹಳ್ಳ ಕಟ್ಟಿದ್ದು ಮತ್ತೊಂದು. ಹಾಗಾಗಿ ಕಣಿವೆ ಮೆಟ್ಟಿಲು ಮೆಟ್ಟಿಲಾಗಿ ಇಳಿಯುತ್ತದೆ. ರೆಶೆನ್ ಕಡೆಯ ಕೆರೆಗಳಿಂದ ಮಾಲ್ಸ್‌ಗೆ ಬರುವಷ್ಟರಲ್ಲಿ ಕೆಲವೇ ಕಿಲೋಮೀಟರುಗಳಲ್ಲಿ ಸುಮಾರು 400 ಮೀಟರ್ ಕೆಳಗಿರುತ್ತೀರಿ. ಆಮೇಲೆ ಬಹಳ ಹೊತ್ತು ಮಂದವಾದ ಇಳಿಜಾರು. ಕೊನೆಗೆ ಟೋಲ್ ಎಂಬಲ್ಲಿ ಕಣಿವೆ ಮತ್ತೆ ಧಡಕ್ಕನೆ ಕುಸಿಯುತ್ತದೆ, ಸೈಕಲ್ ದಾರಿ ಸುತ್ತಿ ಸುತ್ತಿ ಮೆರಾನ್ ಬಯಲಿಗೆ ಇಳಿಯುತ್ತದೆ. ಹಿಂದೆ ಎರಡು ಚೀಲ ತುಂಬಿದ ಸೈಕಲ್ಲಿಗೆ ಇಲ್ಲಿ ಪರೀಕ್ಷೆ ಬ್ರೇಕಿನದು, ಕಾಲಿನದಲ್ಲ. ಬ್ರೇಕನ್ನು ಒತ್ತಿಹಿಡಿದೇ ಇಳಿದರೆ ಚಕ್ರದ ರಿಮ್ಮೋ ಡಿಸ್ಕೋ ಕಾಯುತ್ತದೆ, ಹಿಡಿತ ಸಡಿಲುತ್ತದೆ. ಒತ್ತಿ ಬಿಟ್ಟು, ಮತ್ತೆ ಒತ್ತಿ ಇಳಿಯುವವರೇ ಕ್ಷೇಮ.

ಇನ್ನು ಗಾಳಿ. ಪ್ರವಾಸ ಕಂಪನಿಗಳ ಬಣ್ಣದ ಪುಟಗಳಲ್ಲಿ ಇದರ ಸುದ್ದಿಯೇ ಇರುವುದಿಲ್ಲ, ಫೋಟೋದಲ್ಲಿ ಅದು ಕಾಣಿಸದಲ್ಲ. ಆಲ್ಪ್ಸ್ ಕಣಿವೆಗಳಿಗೆ ದಿನಚರಿ ಇದೆ. ಬಿಸಿಲೇರಿದಂತೆ ಇಳಿಜಾರುಗಳೂ ಕಣಿವೆಯೊಳಗಿನ ಗಾಳಿಯೂ ಬಯಲಿನ ಗಾಳಿಗಿಂತ ಬೇಗ ಕಾದು ಮೇಲೇಳುತ್ತವೆ. ಅಲ್ಲಿ ಒತ್ತಡ ತಗ್ಗಿ, ಕೆಳಗಿನ ಬಯಲಿನಿಂದ ಗಾಳಿ ಕಣಿವೆಯೊಳಕ್ಕೆ ನುಗ್ಗುತ್ತದೆ. ರಾತ್ರಿ ಇದೇ ವ್ಯವಹಾರ ತಿರುವುಮುರುವಾಗಿ, ತಂಪಾದ ಗಾಳಿ ಮೇಲಿನಿಂದ ಕೆಳಕ್ಕೆ ಹರಿಯುತ್ತದೆ. ಅಂದರೆ ಮಧ್ಯಾಹ್ನ ಎರಡು ಗಂಟೆಗೆ ಇಳಿಜಾರಿನಲ್ಲಿ ಹೊರಟವರಿಗೆ ಗಾಳಿ ನೇರ ಎದೆಗೆ. ಅದೇ ಇಳಿಜಾರನ್ನು ಬೆಳಿಗ್ಗೆ ಏಳಕ್ಕೆ ಹಿಡಿದವರನ್ನು ಅದು ಬೆನ್ನು ತಟ್ಟಿ ಕಳಿಸುತ್ತದೆ.

ಆದರೆ ಈ ನಿಯಮವನ್ನೂ ಕಣ್ಣು ಮುಚ್ಚಿ ನಂಬುವ ಹಾಗಿಲ್ಲ. ಮೇಲಿನ ಫಿನ್ಷ್‌ಗಾವ್‌ನಲ್ಲಿ ಉತ್ತರದಿಂದ ಪಾಸ್ ದಾಟಿ ಬೀಸುವ ಗಾಳಿಯೂ ಉಂಟು. ರೆಶೆನ್ ಕೆರೆಯ ಮೇಲೆ ಗಾಳಿಪಟ ಕಟ್ಟಿಕೊಂಡು ಹಲಗೆಯ ಮೇಲೆ ಜಾರುವ ಕೈಟ್‌ಸರ್ಫಿಂಗ್ ಮಂದಿ ಸೇರುವುದು ಗಾಳಿಗಾಗಿಯೇ. ಪಕ್ಕದ ಸ್ವಿಟ್ಜರ್ಲೆಂಡಿನ ಎಂಗಡಿನ್ ಕಣಿವೆಯಲ್ಲಂತೂ ಮಲೋಯಾ ಗಾಳಿ ಹಗಲಿನಲ್ಲೇ ಮೇಲಿನಿಂದ ಕೆಳಕ್ಕೆ ಬೀಸಿ ಪಠ್ಯಪುಸ್ತಕವನ್ನು ಅಣಕಿಸುತ್ತದೆ. ಹಿಂದಿನ ರಾತ್ರಿ ತಂಗಿದ ಮನೆಯವರನ್ನು ಕೇಳುವುದಕ್ಕಿಂತ ಒಳ್ಳೆಯ ಉಪಾಯ ನನಗೆ ತಿಳಿದಿಲ್ಲ.

ಆಲ್ಪ್ಸ್ ಅಂದರೆ ಮಳೆ, ಹಸಿರು ಹುಲ್ಲುಗಾವಲು, ಕೊರಳ ಗಂಟೆಯ ಹಸುಗಳು. ಈ ಚಿತ್ರವನ್ನು ನಮಗೆ ಹಿಂದಿ ಸಿನಿಮಾಗಳೂ ಚಾಕೊಲೇಟ್ ಡಬ್ಬಗಳೂ ಕೊಟ್ಟಿವೆ. ಫಿನ್ಷ್‌ಗಾವ್ ಆಲ್ಪ್ಸ್‌ನ ಅತ್ಯಂತ ಒಣ ಕಣಿವೆಗಳಲ್ಲೊಂದು. ವರ್ಷಕ್ಕೆ ಬೀಳುವ ಮಳೆ ಸುಮಾರು 500 ಮಿ.ಮೀ., ನಮ್ಮ ಬಯಲುಸೀಮೆಯ ಲೆಕ್ಕ. ದಕ್ಷಿಣಕ್ಕೆ 3,905 ಮೀಟರ್ ಎತ್ತರದ ಓರ್ಟ್ಲರ್, ಉತ್ತರಕ್ಕೆ ಓಟ್ಸ್‌ಟಾಲ್ ಶಿಖರಗಳು ಮೋಡಗಳನ್ನು ಆಚೆಯೇ ಹಿಂಡಿಬಿಡುತ್ತವೆ. ಬಿಸಿಲಿಗೆ ಮುಖ ಮಾಡಿದ ಬದಿಯ ಗುಡ್ಡ ಬೋಳು ಬೋಳು, ಎದುರಿನ ಬದಿಯಲ್ಲಿ ದಟ್ಟ ಕಾಡು. ಹಿಮನದಿಯ ನೀರನ್ನು ಹೊಲಗಳಿಗೆ ತರಲು ಇಲ್ಲಿನ ರೈತರು ಮಧ್ಯಯುಗದಿಂದಲೂ ಬೆಟ್ಟದ ಮೈಯಲ್ಲಿ ಕಾಲುವೆ ತೋಡಿಕೊಂಡು ಬಂದಿದ್ದಾರೆ. ಆ ನೀರಿನ ಫಲವಾಗಿ ಇಂದು ಕಣಿವೆಯ ತಳದಲ್ಲಿ ಹುಲ್ಲುಗಾವಲಿಗಿಂತ ಹೆಚ್ಚು ಕಾಣುವುದು ಸೇಬಿನ ತೋಟ, ತಂತಿಗೆ ಕಟ್ಟಿ ಸಾಲು ಹಿಡಿಸಿದ ಗಿಡ್ಡ ಮರಗಳು. "ಶುದ್ಧ ಪರ್ವತ ಪ್ರಕೃತಿ" ಎನ್ನುವವರು ಒಂದು ಸಂಗತಿ ನೆನಪಿಡಲಿ: ಔಷಧಿ ಸಿಂಪಡಣೆ ಅತಿಯಾಯಿತೆಂದು 2014ರಲ್ಲಿ ಮಾಲ್ಸ್ ಊರಿನ ಜನ ಮತಕ್ಕೇ ಹಾಕಿ, ರಾಸಾಯನಿಕ ಕೀಟನಾಶಕ ಬೇಡವೆಂದು ಬಹುಮತದಿಂದ ಹೇಳಿದರು. ಆಮೇಲೆ ಅದು ಕೋರ್ಟು ಮೆಟ್ಟಿಲು ಹತ್ತಿತು. ಅಂದಹಾಗೆ, ದಾರಿಗೆ ಬಾಗಿದ ಸೇಬು ಊರಿನ ಧರ್ಮದ ಸೊತ್ತಲ್ಲ, ಕೀಳಬೇಡಿ.

ದಾರಿಯ ಹೆಸರು ಹುಟ್ಟಿಸುವ ಭ್ರಮೆಯೂ ಒಂದಿದೆ. ಈ ಮಾರ್ಗ ಜರ್ಮನಿಯಿಂದ ಬರುವ ವಿಯಾ ಕ್ಲಾಡಿಯಾ ಔಗುಸ್ಟಾ ಸೈಕಲ್ ಮಾರ್ಗದ ಭಾಗ. ರೋಮನ್ ಸೇನಾನಿ ಡ್ರೂಸಸ್ ಕ್ರಿ.ಪೂ. 15ರಲ್ಲಿ ತೆರೆದ ದಾರಿಯನ್ನು ಮಗ ಕ್ಲಾಡಿಯಸ್, ಚಕ್ರವರ್ತಿಯಾದ ಮೇಲೆ ಕ್ರಿ.ಶ. 46-47ರಲ್ಲಿ ಹೆದ್ದಾರಿಯಾಗಿಸಿದ; ರಾಬ್ಲಾಂಡ್‌ನಲ್ಲಿ ಸಿಕ್ಕ ಮೈಲಿಗಲ್ಲಿನ ಮೇಲೆ ಇದನ್ನೇ ಕೆತ್ತಿಸಿದ್ದಾನೆ. ಹಾಗೆಂದು ನೀವು ರೋಮನ್ ಕಲ್ಲುಹಾಸಿನ ಮೇಲೆ ಹೋಗುವುದಿಲ್ಲ. ಚಕ್ರದ ಕೆಳಗಿರುವುದು ಹೆಚ್ಚಾಗಿ ಇಂದಿನ ಡಾಂಬರು, ಅಲ್ಲಲ್ಲಿ ಜಲ್ಲಿ.

ರೆಶೆನ್ ಕೆರೆಯ ನಡುವೆ ಎದ್ದುನಿಂತ ಚರ್ಚ್ ಗೋಪುರದ ಮುಂದೆ ಎಲ್ಲರೂ ಸೈಕಲ್ ನಿಲ್ಲಿಸುತ್ತಾರೆ. ಚಳಿಗಾಲದಲ್ಲಿ ನೀರಿನೊಳಗಿಂದ ಗಂಟೆ ಕೇಳಿಸುತ್ತದೆ ಎಂಬ ಕಥೆ ಪ್ರಸಿದ್ಧ. ಗಂಟೆಗಳನ್ನು 1950ರ ಜುಲೈನಲ್ಲೇ, ಚರ್ಚಿನ ಉಳಿದ ಭಾಗ ಕೆಡಹುವ ಮೊದಲೇ ಇಳಿಸಿದ್ದರು. ಕೆರೆಯೂ ನಿಸರ್ಗದ್ದಲ್ಲ: ವಿದ್ಯುತ್ತಿಗಾಗಿ ಅಣೆಕಟ್ಟು ಕಟ್ಟಿ ಎರಡು ಸಣ್ಣ ಕೆರೆಗಳನ್ನು ಒಂದು ಮಾಡಿದಾಗ ಗ್ರೌನ್ ಎಂಬ ಹಳ್ಳಿ ಪೂರ್ತಿ ಮುಳುಗಿತು. ಹಾಸನದ ಶೆಟ್ಟಿಹಳ್ಳಿ ಚರ್ಚನ್ನೂ ಶರಾವತಿಯಲ್ಲಿ ಮುಳುಗಿದ ಊರುಗಳನ್ನೂ ಬಲ್ಲವರಿಗೆ ಈ ಜಾಗದಲ್ಲಿ ಗಂಟೆಯ ದಂತಕಥೆ ಬೇಕಾಗುವುದಿಲ್ಲ.

"ಅಲ್ಲಿವರೆಗೆ ಹೋಗಿ ಸ್ಟೆಲ್ವಿಯೊ ಪಾಸ್ ಹತ್ತದಿದ್ದರೆ ಏನು ಬಂತು?" ಹತ್ತುವವರು ಹತ್ತಲಿ. ಕಣಿವೆಯ ಪ್ರಾಡ್ ಊರಿನಿಂದ 48 ತಿರುವು, ಸುಮಾರು 25 ಕಿ.ಮೀ.ಯಲ್ಲಿ 1,800 ಮೀಟರಿಗೂ ಹೆಚ್ಚಿನ ಏರು. 1820ರ ದಶಕದಲ್ಲಿ ಆಸ್ಟ್ರಿಯಾ ತನ್ನ ಲೊಂಬಾರ್ಡಿ ಪ್ರಾಂತ್ಯವನ್ನು ಬಿಗಿಹಿಡಿಯಲು ಕಟ್ಟಿಸಿದ ರಸ್ತೆ ಅದು. 1953ರಲ್ಲಿ ಇಟಲಿಯ ಸೈಕಲ್ ಸ್ಪರ್ಧೆ ಜಿರೊದಲ್ಲಿ ಫೌಸ್ಟೊ ಕೊಪ್ಪಿ ಇದೇ ಬದಿಯಿಂದ ಏರಿ ಅಗ್ರಸ್ಥಾನದಲ್ಲಿದ್ದ ಹ್ಯೂಗೊ ಕೋಬ್ಲೆಯ ಗುಲಾಬಿ ಜೆರ್ಸಿಯನ್ನು ಕಿತ್ತುಕೊಂಡ. ಆಲ್ಪ್ಸ್‌ನ ಅತಿ ಎತ್ತರದ ಡಾಂಬರು ಪಾಸ್ ಇದೇ ಎನ್ನುವುದು ಮಾತ್ರ ತಪ್ಪು. 2,757 ಮೀಟರಿನ ಸ್ಟೆಲ್ವಿಯೊಗಿಂತ ಫ್ರಾನ್ಸಿನ ಇಸರಾನ್ ಕೆಲವು ಮೀಟರ್ ಮೇಲಿದೆ. ಕಣಿವೆ ದಾರಿಗೂ ಈ ಏರಿಗೂ ಸಂಬಂಧವೇ ಇಲ್ಲ. ಸ್ಟೆಲ್ವಿಯೊ ಕಡೆ ತಿರುಗದೆ ನೇರ ಹೋದರೆ ಮುಗಿಯಿತು.

ರೈಲು ಹತ್ತುವುದು ಮೋಸ ಎಂಬ ಹಟವೂ ಕೆಲವರಿಗಿದೆ. 1906ರಲ್ಲಿ ಶುರುವಾದ ಮೆರಾನ್–ಮಾಲ್ಸ್ ರೈಲನ್ನು 1990ರಲ್ಲಿ ಮುಚ್ಚಿದ್ದರು. ಪ್ರಾಂತ್ಯ ಸರ್ಕಾರ ಪಟ್ಟುಹಿಡಿದು 2005ರಲ್ಲಿ ಮತ್ತೆ ಓಡಿಸಿತು. ಈ ಕಣಿವೆಯಲ್ಲಿ ಮನೆಮಂದಿಯ ಸೈಕಲ್ ಪ್ರವಾಸ ಬೆಳೆದದ್ದರಲ್ಲಿ ರೈಲಿನ ಪಾಲು ದೊಡ್ಡದು: ಕೆಳಗಿನಿಂದ ರೈಲಿನಲ್ಲಿ ಮಾಲ್ಸ್‌ಗೆ ಹೋಗಿ, ಅಲ್ಲಿ ಬಾಡಿಗೆ ಸೈಕಲ್ ಹಿಡಿದು, ಮೆರಾನ್‌ನಲ್ಲಿ ಒಪ್ಪಿಸಿಬಿಡಬಹುದು. ಮೊದಲ ಸಲ ಹೋಗುವವರಿಗೆ ನನ್ನ ಮತ ಇದಕ್ಕೇ.

ಉತ್ತರದಿಂದ ಬರುವವರು ಆಸ್ಟ್ರಿಯಾದಿಂದ ಸ್ವಿಟ್ಜರ್ಲೆಂಡಿನ ಮಾರ್ಟಿನಾ ಹಳ್ಳಿಗೆ ಒಂದು ಗಳಿಗೆ ಕಾಲಿಟ್ಟು, ಹನ್ನೊಂದು ತಿರುವಿನ ರಸ್ತೆ ಹತ್ತಿ ಮತ್ತೆ ಆಸ್ಟ್ರಿಯಾದ ನೌಡರ್ಸ್‌ಗೆ, ಅಲ್ಲಿಂದ ಇಟಲಿಗೆ ದಾಟುತ್ತಾರೆ. ಸ್ವಿಟ್ಜರ್ಲೆಂಡ್ ಐರೋಪ್ಯ ಒಕ್ಕೂಟದಲ್ಲಿಲ್ಲ, ಅದಕ್ಕೆ ಬೇರೆ ವೀಸಾ ಬೇಕೆಂದು ಹೆದರಬೇಡಿ. ಮೂರಕ್ಕೂ ಒಂದೇ ಶೆಂಗೆನ್ ವೀಸಾ ಸಾಕು. ಪಾಸ್‌ಪೋರ್ಟ್ ಮಾತ್ರ ಹೋಟೆಲಿನಲ್ಲಿ ಬಿಡದೆ ಚೀಲದಲ್ಲಿಟ್ಟುಕೊಳ್ಳಿ. ರೈಲಿನ ವೇಳಾಪಟ್ಟಿಯನ್ನೂ ಬಾಡಿಗೆ ಸೈಕಲ್ಲಿನ ನಿಯಮವನ್ನೂ ಹೊರಡುವ ಮೊದಲು ನೋಡಿ, ಬಾಡಿಗೆ ಸೈಕಲ್ಲಿನ ಬ್ರೇಕನ್ನು ಅಂಗಡಿಯ ಮುಂದೆಯೇ ಪರೀಕ್ಷಿಸಿ, ಬೆಳಿಗ್ಗೆ ಬೇಗ ಹೊರಡಿ.