ಆತ ಎಲ್ಲಿ ಹಾಡಬೇಕು?

ಹೆಸರಾಂತ ಗಾಯಕನೊಬ್ಬನ ಪ್ರವಾಸದ ಪಟ್ಟಿ ಪ್ರಕಟವಾದೊಡನೆ ಆತನ ಅಭಿಮಾನಿಗಳು ಮೊದಲು ಹುಡುಕುವುದು ಏನನ್ನು? ತಮ್ಮ ಊರಿನ ಹೆಸರನ್ನು ಎಂದು ಹೊರಗಿನವರು ಊಹಿಸಬಹುದು. ಆದರೆ ಹಳೆಯ ಅಭಿಮಾನಿಯ ಕಣ್ಣು ಊರನ್ನು ದಾಟಿ, ಅದರ ಮುಂದೆ ಅಚ್ಚಾಗಿರುವ ಸಭಾಂಗಣದ ಹೆಸರಿನ ಮೇಲೆ ನಿಲ್ಲುತ್ತದೆ. ಅದು ನಾಟಕಮಂದಿರವೋ, ಕ್ರೀಡಾಂಗಣವೋ? ಅಲ್ಲಿ ಆಸನಗಳೆಷ್ಟು? ಹಿಂದಿನ ಸಾಲಿನವನಿಗೆ ಗಾಯಕನ ಮುಖ ಕಾಣುವುದೇ? ಚೀಟಿ ಕೊಳ್ಳುವ ಸಾಲಿನಲ್ಲಿ ನಿಂತವರ ಮಾತೆಲ್ಲ ಇದೇ ಆಗಿರುತ್ತದೆ.

ಅಮೆರಿಕದ ರಾಕ್ ಗಾಯಕ ಬ್ರೂಸ್ ಸ್ಪ್ರಿಂಗ್‌ಸ್ಟೀನನ ಅಭಿಮಾನಿಗಳಲ್ಲಂತೂ ಈ ಚರ್ಚೆ ಮೂರು ದಶಕಗಳಷ್ಟು ಹಳೆಯದು. ವಾದ್ಯವೃಂದವನ್ನು ಬಿಟ್ಟು ಆತ ಒಬ್ಬನೇ ವೇದಿಕೆಗೆ ಬಂದಾಗಲೆಲ್ಲ ಅದು ಹೊಸ ಕಾವು ಪಡೆದಿದೆ. ಮೇಲುನೋಟಕ್ಕೆ ಅದು ಆಸನಗಳ ಲೆಕ್ಕಾಚಾರ. ಒಳಹೊಕ್ಕು ನೋಡಿದರೆ, ಒಬ್ಬ ಕಲಾವಿದ ಯಾರಿಗಾಗಿ ಹಾಡುತ್ತಾನೆ ಎಂಬ ಪ್ರಶ್ನೆಯೇ ಅದರ ತಿರುಳು.

ಸ್ಪ್ರಿಂಗ್‌ಸ್ಟೀನ್ ಹುಟ್ಟಿದ್ದು 1949ರಲ್ಲಿ, ನ್ಯೂಜೆರ್ಸಿ ಸಂಸ್ಥಾನದಲ್ಲಿ. ಬೆಳೆದದ್ದು ಅಲ್ಲಿಯ ಫ್ರೀಹೋಲ್ಡ್ ಎಂಬ ಪುಟ್ಟ ಊರಿನಲ್ಲಿ. ತಂದೆ ಊರಿನ ಜಮಖಾನೆಯ ಕಾರ್ಖಾನೆಯಲ್ಲಿಯೂ ದುಡಿದವನು. ತಾಯಿ ವಕೀಲರ ಕಚೇರಿಯಲ್ಲಿ ಗುಮಾಸ್ತೆ. ಕಾರ್ಖಾನೆಯ ಕೂಲಿಗಾರರು, ಕೆಲಸ ಕಳೆದುಕೊಂಡವರು, ಊರು ಬಿಟ್ಟು ಓಡಬಯಸುವ ತರುಣರು ಇವರೇ ಆತನ ಹಾಡುಗಳ ನಾಯಕರು. 1975ರ ‘ಬಾರ್ನ್ ಟು ರನ್’ ಮತ್ತು 1984ರ ‘ಬಾರ್ನ್ ಇನ್ ದ ಯು.ಎಸ್.ಎ.’ ಧ್ವನಿಮುದ್ರಿಕೆಗಳು ಆತನನ್ನು ಲೋಕವಿಖ್ಯಾತನನ್ನಾಗಿ ಮಾಡಿದವು. ‘ಇ ಸ್ಟ್ರೀಟ್ ಬ್ಯಾಂಡ್’ ಎಂಬ ತನ್ನ ವಾದ್ಯವೃಂದದೊಡನೆ ಗಂಟೆಗಟ್ಟಲೆ ಬೆವರು ಸುರಿಸಿ ಹಾಡುವುದು ಆತನ ರೂಢಿ. 1988ರ ಜುಲೈ 19ರಂದು ಪೂರ್ವ ಬರ್ಲಿನ್ನಿನಲ್ಲಿ ಆತನ ಮುಂದೆ ನೆರೆದ ಜನ ಕಡಿಮೆಯೆಂದರೂ 1 ಲಕ್ಷ 60 ಸಾವಿರ. ಅದೇ ವರ್ಷ ಸೆಪ್ಟೆಂಬರ್ 30ರಂದು ಮಾನವ ಹಕ್ಕುಗಳ ಪ್ರಚಾರ ಪ್ರವಾಸದ ಕಲಾವಿದರೊಡನೆ ಬಂದು ದೆಹಲಿಯ ನೆಹರೂ ಕ್ರೀಡಾಂಗಣದಲ್ಲಿಯೂ ಆತ ಹಾಡಿದ್ದನು.

ಈ ಗರ್ಜನೆಯ ಗಾಯಕನೊಳಗೆ ಪಿಸುಮಾತಿನ ಗಾಯಕನೊಬ್ಬನೂ ಇದ್ದನು. 1982ರ ಜನವರಿಯಲ್ಲಿ ಕೋಲ್ಟ್ಸ್ ನೆಕ್ ಎಂಬಲ್ಲಿಯ ಬಾಡಿಗೆಮನೆಯ ಮಲಗುವ ಕೋಣೆಯಲ್ಲಿ ಕುಳಿತು, ಕ್ಯಾಸೆಟ್ಟಿನಲ್ಲಿ ಮುದ್ರಿಸುವ ಸಾಮಾನ್ಯ ಯಂತ್ರವೊಂದರ ಮುಂದೆ ಆತ ಕೆಲವು ಹಾಡುಗಳನ್ನು ಹಾಡಿಕೊಂಡನು. ವಾದ್ಯವೃಂದದವರಿಗೆ ಮಾದರಿಯಾಗಲೆಂದು ಮಾಡಿದ ಆ ಕರಡೇ ಮುಂದೆ ‘ನೆಬ್ರಾಸ್ಕಾ’ ಎಂಬ ಹೆಸರಿನಿಂದ ಹೊರಬಂದಿತು. ಆದರೆ ಆ ಹಾಡುಗಳನ್ನು ಹೊತ್ತು ಆತ ಪ್ರವಾಸ ಹೊರಡಲಿಲ್ಲ. ಮಲಗುವ ಕೋಣೆಯ ಗಾನವನ್ನು ಯಾವ ಸಭಾಂಗಣ ತಾಳೀತು? ಅಭಿಮಾನಿಗಳು ಆ ಪ್ರಶ್ನೆಗೆ ಉತ್ತರ ಕಾಣಲು ಹದಿಮೂರು ವರ್ಷ ಕಾಯಬೇಕಾಯಿತು.

ಮೌನದ ಬಿನ್ನಹ

1995ರ ನವೆಂಬರಿನಲ್ಲಿ ‘ದ ಘೋಸ್ಟ್ ಆಫ್ ಟಾಮ್ ಜೋಡ್’ ಎಂಬ ಧ್ವನಿಮುದ್ರಿಕೆ ಹೊರಬಂದಿತು. ಟಾಮ್ ಜೋಡ್ ಎಂಬವನು ಜಾನ್ ಸ್ಟೈನ್‌ಬೆಕ್ 1939ರಲ್ಲಿ ಪ್ರಕಟಿಸಿದ ‘ದ ಗ್ರೇಪ್ಸ್ ಆಫ್ ರಾಥ್’ ಕಾದಂಬರಿಯ ನಾಯಕ; ನೆಲ ಕಳೆದುಕೊಂಡು ಕೂಲಿ ಅರಸಿ ಕ್ಯಾಲಿಫೋರ್ನಿಯಕ್ಕೆ ನಡೆದ ಬಡ ರೈತರ ಪ್ರತಿನಿಧಿ. ಈ ಹಾಡುಗಳೊಡನೆ ಸ್ಪ್ರಿಂಗ್‌ಸ್ಟೀನ್ ಮೊದಲ ಬಾರಿಗೆ ಏಕಾಂಗಿಯಾಗಿ ದೀರ್ಘ ಪ್ರವಾಸ ಕೈಕೊಂಡನು. ವೇದಿಕೆಯ ಮೇಲೆ ಗಿಟಾರುಗಳು, ಮೌತ್ ಆರ್ಗನ್ನುಗಳು ಮತ್ತು ಆತ. ಆರಿಸಿಕೊಂಡ ಸ್ಥಳಗಳು ಸಾಮಾನ್ಯವಾಗಿ ಎರಡು ಮೂರು ಸಾವಿರ ಜನ ಹಿಡಿಸುವ ಹಳೆಯ ನಾಟಕಮಂದಿರಗಳು.

ಕಛೇರಿಯ ಆರಂಭದಲ್ಲಿಯೇ ಆತ ಸಭಿಕರಲ್ಲಿ ಒಂದು ಬಿನ್ನಹ ಮಾಡಿಕೊಳ್ಳುತ್ತಿದ್ದನು: ಹಾಡಿನ ನಡುವೆ ಚಪ್ಪಾಳೆ ಬೇಡ, ದನಿಗೂಡಿಸುವುದು ಬೇಡ, ಮೌನ ಬೇಕು. ‘ಬ್ರೂ...ಸ್’ ಎಂದು ಎಳೆದೆಳೆದು ಕೂಗುವುದನ್ನೇ ಭಕ್ತಿಯೆಂದು ತಿಳಿದಿದ್ದ ಜನರಿಗೆ ಇದು ವಿಚಿತ್ರವಾಗಿ ಕಂಡಿತು. ‘ಬಾಯಿ ಮುಚ್ಚಿಕೊಳ್ಳುವ ಪ್ರವಾಸ’ ಎಂಬ ಹಾಸ್ಯದ ಹೆಸರೂ ಹುಟ್ಟಿಕೊಂಡಿತು. ಕ್ರೀಡಾಂಗಣದಲ್ಲಿ ಮುಷ್ಟಿಯೆತ್ತಿ ಕೂಗುತ್ತಿದ್ದ ‘ಬಾರ್ನ್ ಇನ್ ದ ಯು.ಎಸ್.ಎ.’ ಇಲ್ಲಿ ಜಯಘೋಷವಾಗಿರಲಿಲ್ಲ. ಒಂದೇ ಗಿಟಾರಿನ ಕರ್ಕಶ ಶ್ರುತಿಯ ಮೇಲೆ ಆತ ಅದನ್ನು ನರಳುವಂತೆ ಹಾಡಿದಾಗ, ಅದು ವಿಯೆಟ್ನಾಮಿನಿಂದ ಹಿಂದಿರುಗಿ ಕೆಲಸ ಸಿಗದೆ ಅಲೆದ ಸೈನಿಕನ ಅಳಲೆಂಬುದು ಅನೇಕರಿಗೆ ಹೊಸದಾಗಿ ತಿಳಿಯಿತು. ಹಾಡು ಹಳೆಯದೇ, ಆದರೆ ಅದರ ಅರ್ಥ ಕಿವಿಗೆ ಬೀಳಲು ಸಣ್ಣ ಮಂದಿರ ಬೇಕಾಯಿತು.

ಅಲ್ಲಿಗೆ ಅಭಿಮಾನಿಗಳಲ್ಲಿ ಎರಡು ಪಂಗಡಗಳಾದವು. ಒಂದು ಪಂಗಡದ ವಾದ ಹೀಗೆ: ಈ ಕಂಠಕ್ಕೆ ಸಣ್ಣ ಮಂದಿರವೇ ತಕ್ಕದ್ದು, ಉಸಿರಾಟವೂ ಕೇಳಬೇಕು. ಇನ್ನೊಂದು ಪಂಗಡ ಕೇಳುವುದು: ಸರಿ, ಆದರೆ ಒಳಗೆ ಹೋದವರು ಎರಡು ಸಾವಿರ, ಹೊರಗೆ ಉಳಿದವರು ಇಪ್ಪತ್ತು ಸಾವಿರ, ಬಡವರ ಹಾಡು ಅದೃಷ್ಟವಂತರಿಗೆ ಮಾತ್ರವೇ?

ಉಕ್ಕಿನ ಊರು, ಬೆಳೆದ ಊರು

ಈ ವಾದಕ್ಕೆ ಗಾಯಕ ಮಾತಿನಿಂದ ಉತ್ತರ ಕೊಡಲಿಲ್ಲ; ಎರಡು ಊರುಗಳಲ್ಲಿ ಹಾಡಿ ಒಂದು ದಾರಿಯನ್ನು ತೋರಿಸಿದನು ಎನ್ನಬಹುದು.

ಓಹಾಯೋ ಸಂಸ್ಥಾನದ ಯಂಗ್ಸ್‌ಟೌನ್ ಉಕ್ಕಿನ ಊರು. 1977ರ ಸೆಪ್ಟೆಂಬರ್ 19ರಂದು ಅಲ್ಲಿಯ ದೊಡ್ಡ ಉಕ್ಕಿನ ಕಾರ್ಖಾನೆಯೊಂದು ಮುಚ್ಚುವುದೆಂಬ ಸುದ್ದಿ ಬಂದು ಸಾವಿರಾರು ಸಂಸಾರಗಳ ಅನ್ನಕ್ಕೆ ಕುತ್ತಾಯಿತು. ಆ ಊರಿನವರು ಆ ದಿನವನ್ನು ಇಂದಿಗೂ ‘ಕರಾಳ ಸೋಮವಾರ’ ಎಂದೇ ಕರೆಯುತ್ತಾರೆ. ಡೇಲ್ ಮಹಾರಿಡ್ಜ್ ಎಂಬ ಪತ್ರಕರ್ತನೂ ಮೈಕೇಲ್ ವಿಲಿಯಮ್ಸನ್ ಎಂಬ ಛಾಯಾಗ್ರಾಹಕನೂ ಕೂಡಿ ರಚಿಸಿದ ‘ಜರ್ನಿ ಟು ನೋವೇರ್’ ಎಂಬ ಪುಸ್ತಕದಲ್ಲಿ ಈ ಕಥೆಯನ್ನೋದಿ ಸ್ಪ್ರಿಂಗ್‌ಸ್ಟೀನ್ ಆ ಊರಿನ ಹೆಸರಿನಲ್ಲಿಯೇ ಹಾಡು ಕಟ್ಟಿದ್ದನು. 1996ರ ಜನವರಿ 12ರಂದು ಆತ ಅದೇ ಊರಿನ ಸ್ಟಾಂಬಾ ಸಭಾಂಗಣಕ್ಕೆ ಬಂದು ಅದನ್ನು ಹಾಡಿದನು. ಬೇರೆ ಊರುಗಳಲ್ಲಿ ಅದು ಕೇಳಿ ಮರುಗುವ ಕಥೆಯಾಗಿತ್ತು. ಇಲ್ಲಿ ಎದುರಿಗೆ ಕುಳಿತವರ ಮನೆಯ ಕಥೆ.

ಅದೇ ವರ್ಷ ನವೆಂಬರ್ 8ರಂದು ನಡೆದ ಇನ್ನೊಂದು ಕಛೇರಿಯನ್ನು ಅಭಿಮಾನಿಗಳು ಇನ್ನೂ ಬೆರಗಿನಿಂದ ನೆನೆಯುತ್ತಾರೆ. ಸ್ಥಳ, ಫ್ರೀಹೋಲ್ಡಿನ ಸೇಂಟ್ ರೋಸ್ ಆಫ್ ಲೈಮಾ ಶಾಲೆಯ ವ್ಯಾಯಾಮಶಾಲೆ. ಬಾಲಕನಾಗಿದ್ದಾಗ ಆತ ಓದಿದ ಶಾಲೆ ಅದು. ಅಲ್ಲಿಯ ಸಂನ್ಯಾಸಿನಿಯರ ಶಿಸ್ತು ಆತನಿಗೆ ಒಗ್ಗಿರಲಿಲ್ಲವೆಂಬುದು ಎಲ್ಲರೂ ಬಲ್ಲ ಸಂಗತಿ. ಧರ್ಮಾರ್ಥವಾಗಿ ನಡೆದ ಆ ಕಛೇರಿಗೆ ಒಂದು ಕಟ್ಟಳೆಯಿತ್ತು: ಚೀಟಿ ಫ್ರೀಹೋಲ್ಡಿನ ನಿವಾಸಿಗಳಿಗೆ ಮಾತ್ರ. ದೇಶವಿದೇಶಗಳಿಂದ ಆತನ ಬೆನ್ನಟ್ಟಿ ಬರುತ್ತಿದ್ದ ಅಭಿಮಾನಿಗಳಿಗೆ ಬಾಗಿಲು ಮುಚ್ಚಿತ್ತು. ಆತನ ಒಂದು ಧ್ವನಿಮುದ್ರಿಕೆಯನ್ನೂ ಕೊಳ್ಳದ ನೆರೆಯವನಿಗೆ ತೆರೆದಿತ್ತು. ಊರನ್ನೇ ಕುರಿತು ಹೊಸದಾಗಿ ಕಟ್ಟಿದ ವಿನೋದದ ಹಾಡೊಂದನ್ನು ಆತ ಅಂದು ಹಾಡಿದನು. ಹೊರಗುಳಿದವರಿಗೆ ನೋವಾದರೂ, ಅದನ್ನು ಅನ್ಯಾಯವೆಂದವರು ವಿರಳ. ಹಾಡು ಎಲ್ಲಿಂದ ಹುಟ್ಟಿತೋ ಅಲ್ಲಿಗೆ ಒಂದು ಸಂಜೆಯ ಮಟ್ಟಿಗೆ ಹಿಂದಿರುಗಿತ್ತು.

ಪರದೆ ಎಳೆದ ಅಂಗಣ

ಎರಡನೆಯ ಏಕಾಂಗಿ ಪ್ರವಾಸ 2005ರದು. ‘ಡೆವಿಲ್ಸ್ ಅಂಡ್ ಡಸ್ಟ್’ ಧ್ವನಿಮುದ್ರಿಕೆಯ ಜೊತೆಗೆ ಏಪ್ರಿಲ್ 25ರಂದು ಡೆಟ್ರಾಯಿಟ್ ನಗರದ ಫಾಕ್ಸ್ ಥಿಯೇಟರಿನಲ್ಲಿ ಅದು ಆರಂಭವಾಯಿತು. ಐದು ಸಾವಿರದಷ್ಟು ಆಸನಗಳುಳ್ಳ ವೈಭವದ ಮಂದಿರ ಅದು. ಆದರೆ ಪ್ರತಿ ಊರಿನಲ್ಲಿಯೂ ಅಂಥ ಮಂದಿರವೆಲ್ಲಿ? ಅನೇಕ ಕಡೆಗಳಲ್ಲಿ ದೊಡ್ಡ ಒಳಾಂಗಣ ಕ್ರೀಡಾಮಂದಿರಗಳ ನಡುವೆ ಎತ್ತರದ ಪರದೆ ಎಳೆದು, ಅರ್ಧ ಭಾಗವನ್ನು ಮರೆಮಾಡಿ, ನಾಟಕಮಂದಿರದ ಆಕಾರ ಕೊಡಲಾಯಿತು. ಹೆಚ್ಚು ಜನಕ್ಕೆ ಎಡೆಯೂ ಆಗಬೇಕು, ಸಾಮೀಪ್ಯವೂ ಕೆಡಬಾರದು ಎಂಬ ಸಂಧಾನ ಅದು.

ಸಂಧಾನ ಎಲ್ಲರಿಗೂ ಒಪ್ಪಿಗೆಯಾಗಲಿಲ್ಲ. ಪರದೆಯ ಆಚೆಯ ಖಾಲಿ ಕತ್ತಲೆಯಲ್ಲಿ ಹಾಡಿನ ಬಿಸಿ ಆರಿಹೋಗುತ್ತದೆಂದು ಕೆಲವರು. ತಮ್ಮ ಊರಿಗೆ ಬಂದನಲ್ಲಾ, ಅದೇ ಸಾಕೆಂದು ಕೆಲವರು. ಆದರೆ ಗಾಯಕ ರಾತ್ರಿಯಿಂದ ರಾತ್ರಿಗೆ ಹಾಡುಗಳನ್ನು ಬದಲಿಸುತ್ತಿದ್ದುದರಿಂದ ಹಾಡುಗಳ ಪಟ್ಟಿ ಬರೆದುಕೊಳ್ಳುವ ಹವ್ಯಾಸಿಗಳಿಗೆ ಹಬ್ಬವಾಯಿತು. ಪಿಯಾನೋ, ಬ್ಯಾಂಜೋ, ನಮ್ಮ ನಾಟಕ ಕಂಪನಿಗಳ ಕಾಲು ಹಾರ್ಮೋನಿಯಮ್ಮಿನ ಬಂಧುವಾದ ತುಳಿಯುವ ಆರ್ಗನ್ ಇವುಗಳ ಮುಂದೆ ಒಂದೊಂದು ಹೊತ್ತು ಕುಳಿತು, ವರ್ಷಗಳಿಂದ ಹಾಡದ ಹಾಡುಗಳನ್ನು ಆತ ಹೊರತೆಗೆದನು. ಇಂದು ಯಾವುದು ಬಂದೀತೋ ಎಂಬ ಆಸೆಯಿಂದ ಅಭಿಮಾನಿಗಳು ಊರಿಂದೂರಿಗೆ ಹಿಂಬಾಲಿಸಿದರು.

ಬ್ರಾಡ್‌ವೇಯ ಬಾಗಿಲಿನಲ್ಲಿ

ಚರ್ಚೆ ಶಿಖರಕ್ಕೇರಿದ್ದು 2017ರಲ್ಲಿ. ಈ ಸಲ ಗಾಯಕ ಪ್ರವಾಸ ಹೊರಡಲಿಲ್ಲ. ಜನರೇ ಆತನಲ್ಲಿಗೆ ಬರಬೇಕಾಯಿತು. ನ್ಯೂಯಾರ್ಕಿನ ಬ್ರಾಡ್‌ವೇಯ ವಾಲ್ಟರ್ ಕೆರ್ ಮಂದಿರದಲ್ಲಿ ಅಕ್ಟೋಬರ್ 12ರಂದು ಅಧಿಕೃತವಾಗಿ ಆರಂಭವಾದ ಕಾರ್ಯಕ್ರಮದಲ್ಲಿ ಆತ ತನ್ನ ಜೀವನಕಥೆಯನ್ನು ಹೇಳುತ್ತ, ನಡುನಡುವೆ ಗಿಟಾರ್ ಅಥವಾ ಪಿಯಾನೋ ಹಿಡಿದು ಹಾಡಿದನು. ಎರಡು ಹಾಡುಗಳಿಗೆ ಪತ್ನಿ ಪ್ಯಾಟಿ ಸ್ಕಿಯಾಲ್ಫ ಜೊತೆಗೂಡುತ್ತಿದ್ದಳು. ಕೆಲವೇ ವಾರಗಳ ಮಟ್ಟಿಗೆಂದು ಹೊರಟದ್ದು ಮತ್ತೆ ಮತ್ತೆ ವಿಸ್ತರಿಸಿ 2018ರ ಡಿಸೆಂಬರ್ 15ರವರೆಗೆ 236 ಪ್ರದರ್ಶನಗಳನ್ನು ಕಂಡಿತು. 2018ರಲ್ಲಿ ಅದಕ್ಕೆ ವಿಶೇಷ ಟೋನಿ ಪ್ರಶಸ್ತಿ ಸಂದಿತು.

ಆದರೆ ಮಂದಿರದಲ್ಲಿದ್ದ ಆಸನಗಳು ಸುಮಾರು 950 ಮಾತ್ರ. ಹದಿನಾಲ್ಕು ತಿಂಗಳ ಸಭಿಕರನ್ನೆಲ್ಲ ಕೂಡಿಸಿದರೂ 2 ಲಕ್ಷ 25 ಸಾವಿರದ ಆಸುಪಾಸು. ಪೂರ್ವ ಬರ್ಲಿನ್ನಿನ ಒಂದೇ ರಾತ್ರಿಯ ಜನಸ್ತೋಮಕ್ಕೆ ಅದನ್ನು ಹೋಲಿಸಿದರೆ ಇಕ್ಕಟ್ಟು ಅರ್ಥವಾದೀತು. ಚೀಟಿಯ ದರ 75 ಡಾಲರಿನಿಂದ 850 ಡಾಲರಿನವರೆಗೆ. ಕಾಳಸಂತೆಯವರನ್ನು ತಡೆಯಲು ಅಭಿಮಾನಿಗಳು ಮುಂಚಿತವಾಗಿ ಹೆಸರು ನೋಂದಾಯಿಸಬೇಕೆಂದೂ, ಆರಿಸಿದವರಿಗೆ ಮಾತ್ರ ಕೊಳ್ಳುವ ಅವಕಾಶವೆಂದೂ ಏರ್ಪಾಡಾಯಿತು. ಅಗ್ಗದ ಕೆಲವು ಆಸನಗಳಿಗೆ ದಿನವೂ ಲಾಟರಿ ಎತ್ತಲಾಯಿತು. ಆದರೂ ಮರುಮಾರಾಟದಲ್ಲಿ ಚೀಟಿಗಳು ಸಾವಿರಾರು ಡಾಲರುಗಳಿಗೆ ಹೋದವು. ಕೊನೆಗೆ ಕಾರ್ಯಕ್ರಮದ ಚಿತ್ರ ನೆಟ್‌ಫ್ಲಿಕ್ಸಿನಲ್ಲಿ ಬಂದು, ಹೊರಗುಳಿದವರು ಮನೆಯಲ್ಲಿ ಕುಳಿತು ನೋಡುವಂತಾಯಿತು. ಮಹಾಮಾರಿಯಿಂದ ಮುಚ್ಚಿದ್ದ ಬ್ರಾಡ್‌ವೇ 2021ರ ಜೂನ್ 26ರಂದು ಮತ್ತೆ ಬಾಗಿಲು ತೆರೆದದ್ದೂ ಇದೇ ಕಾರ್ಯಕ್ರಮದಿಂದ. ಆಗ ಸುಮಾರು 1,700 ಆಸನಗಳ ಸೇಂಟ್ ಜೇಮ್ಸ್ ಮಂದಿರವನ್ನು ಆರಿಸಿಕೊಳ್ಳಲಾಗಿತ್ತು.

ದೊಡ್ಡ ಅಂಗಣವೇ ಪರಿಹಾರವೆಂಬ ನಂಬಿಕೆಯೂ ಮುಂದೆ ಅಲುಗಾಡಿತು. ವಾದ್ಯವೃಂದದೊಡನೆ 2023ರಲ್ಲಿ ನಡೆಯಲಿದ್ದ ಪ್ರವಾಸಕ್ಕೆ 2022ರಲ್ಲಿ ಚೀಟಿ ಮಾರಾಟವಾದಾಗ, ಬೇಡಿಕೆಯೊಡನೆ ದರವೂ ಏರುವ ಪದ್ಧತಿಯಿಂದ ಕೆಲವು ಆಸನಗಳು 5,000 ಡಾಲರ್ ಮುಟ್ಟಿದವು. ಕಾಳಸಂತೆಗೆ ಹೋಗುವ ಹಣ ವೇದಿಕೆಯ ಮೇಲೆ ಬೆವರು ಸುರಿಸುವವರಿಗೇ ಏಕೆ ಸೇರಬಾರದು ಎಂಬುದು ಗಾಯಕನ ಸಮರ್ಥನೆ. ಮಾತಿನಲ್ಲಿ ಹುರುಳಿಲ್ಲದಿಲ್ಲ. ಆದರೆ 1980ರಿಂದ ಅಭಿಮಾನಿಗಳ ಮುಖವಾಣಿಯಾಗಿದ್ದ ‘ಬ್ಯಾಕ್‌ಸ್ಟ್ರೀಟ್ಸ್’ ಪತ್ರಿಕೆ 2023ರ ಫೆಬ್ರುವರಿಯಲ್ಲಿ ತನ್ನ ಕೆಲಸವನ್ನು ನಿಲ್ಲಿಸಿತು. ತನ್ನ ಓದುಗರಲ್ಲಿ ಅನೇಕರು ಕಛೇರಿಗೆ ಹೋಗಲಾರದಂತಾದರೆಂಬ ನಿರಾಶೆಯನ್ನು ಮುಚ್ಚಿಡದೆ ಹೇಳಿತು. ನಾಲ್ಕು ದಶಕಗಳ ಸಂಭಾಷಣೆಯೊಂದು ಆಸನದ ಬೆಲೆಯ ಮೇಲೆ ಮುಗಿದುಹೋಯಿತು.

ಹಾಗಾದರೆ ಆತ ಎಲ್ಲಿ ಹಾಡಬೇಕು? ಗೋಡೆ ಹತ್ತಿರವಾದಷ್ಟೂ ಕಂಠ ಹತ್ತಿರವಾಗುತ್ತದೆ, ಬಾಗಿಲು ಇಕ್ಕಟ್ಟಾಗುತ್ತದೆ. ಇದನ್ನು ಯಾವ ಶಿಲ್ಪಿಯೂ ತಪ್ಪಿಸಲಾರ. ಆದರೆ ಆ ಬಾಗಿಲಿನಲ್ಲಿ ಯಾರನ್ನು ಮೊದಲು ಒಳಗೆ ಕರೆಯಬೇಕೆಂಬುದು ಗೋಡೆಗಳ ಕೈಯಲ್ಲಿಲ್ಲ, ಗಾಯಕನ ಕೈಯಲ್ಲಿದೆ. ಅಭಿಮಾನಿಗಳು ಕಛೇರಿಗಳ ಮಾತು ಬಂದಾಗ ಬ್ರಾಡ್‌ವೇಯ ಪ್ರಶಸ್ತಿಯ ಜೊತೆಗೆ ಫ್ರೀಹೋಲ್ಡಿನ ಆ ವ್ಯಾಯಾಮಶಾಲೆಯನ್ನೂ ನೆನೆಯುವುದು ಇದಕ್ಕಾಗಿಯೇ. ಅಂದು ಒಳಗೆ ಕುಳಿತಿದ್ದವರು ಯಾರಿಗಾಗಿ ಹಾಡು ಹುಟ್ಟಿತೋ ಅವರೇ ಆಗಿದ್ದರು.