ಒಂದು ಬೋ ಟೈ ಹುಟ್ಟಿಸಿದ ಹಾಡು!

ಒಂದು ಪ್ರಶ್ನೆ. ಉತ್ತರ ಹೇಳಿ ನೋಡೋಣ! 1959ರಲ್ಲಿ ಅಮೆರಿಕದ ಜನಪ್ರಿಯ ಗೀತೆಗಳ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿ, ಒಟ್ಟು ಒಂಬತ್ತು ವಾರ ಅಲ್ಲಿ ಮೆರೆದ ಒಂದು ಹಾಡಿದೆ. ಅದು ಯಾವುದರ ಬಗ್ಗೆ? ಪ್ರೀತಿ? ಅಲ್ಲ. ವಿರಹ? ಅದೂ ಅಲ್ಲ.

ಕೊಲೆ! ಒಬ್ಬ ಚೂರಿಗಾರ ಮಾಡಿದ ಸಾಲು ಸಾಲು ಕೊಲೆ!

ಬಾಬಿ ಡಾರಿನ್ ಹಾಡಿದ ‘ಮ್ಯಾಕ್ ದ ನೈಫ್’ ಅದು. ರಾಗ ಹಾಕಿದವರು ಯಾರು? ಯಾರೋ ಅಮೆರಿಕದ ಜಾಝ್ ಕಲಾವಿದರಿರಬೇಕು ಅಂದುಕೊಂಡಿರಾ? ತಪ್ಪು! ಅವರು ಜರ್ಮನಿಯ ಡೆಸ್ಸೌ ಊರಿನವರು. ತಂದೆ ಯಹೂದಿ ಪ್ರಾರ್ಥನಾಮಂದಿರದ ಗಾಯಕ. ಮಗ ಬರ್ಲಿನ್‌ಗೆ ಹೋಗಿ ಬುಸೋನಿ ಎಂಬ ಮಹಾಗುರುವಿನ ಬಳಿ ಗಂಭೀರ ಸಂಗೀತ ಕಲಿತ. ಹೆಸರು ಕುರ್ಟ್ ವೈಲ್.

ಈಗ ಇನ್ನೊಂದು ಪ್ರಶ್ನೆ. ಈ ಹಾಡು ಹುಟ್ಟಿದ್ದು ಯಾವುದರಿಂದ? ಊಹಿಸಿ. ಆಗಲಿಲ್ಲವೇ? ಬಿಡಿ, ಯಾರಿಗೂ ಆಗುವುದಿಲ್ಲ.

ಒಂದು ಬೋ ಟೈಯಿಂದ! ಆಕಾಶನೀಲಿ ಬೋ ಟೈಯಿಂದ!

1928ರ ಆಗಸ್ಟ್. ಬರ್ಲಿನ್‌ನ ಶಿಫ್‌ಬೌವರ್‌ಡಾಮ್ ರಂಗಮಂದಿರ. ನಾಟಕಕಾರ ಬ್ರೆಕ್ಟ್ ಮತ್ತು ವೈಲ್ ಸೇರಿ ಕಟ್ಟಿದ ‘ಮೂರು ಕಾಸಿನ ಒಪೇರಾ’ದ ತಾಲೀಮು. ಎಲ್ಲ ಎಡವಟ್ಟು! ಸಾಲದ್ದಕ್ಕೆ ಕಳ್ಳರ ನಾಯಕ ಮ್ಯಾಕ್‌ನ ಪಾತ್ರಧಾರಿ ಹಾರಾಲ್ಡ್ ಪೌಲ್ಸನ್‌ರ ಹಠ ಬೇರೆ. ಆ ನೀಲಿ ಟೈ ಕಟ್ಟಿಕೊಂಡೇ ರಂಗಕ್ಕೆ ಬರುತ್ತಾರಂತೆ! ಜೊತೆಗೆ ಪ್ರವೇಶಕ್ಕೆ ತಮ್ಮನ್ನು ಮೆರೆಸುವ ಹಾಡೂ ಬೇಕಂತೆ!

ಬ್ರೆಕ್ಟ್‌ಗೆ ಉಪಾಯ ಹೊಳೆಯಿತು. ಕಟ್ಟಿಕೊಳ್ಳಲಿ ಬಿಡಿ! ಈ ಶೋಕಿಲಾಲ ಬರುವ ಮೊದಲೇ ಅವನ ಪಾಪಗಳ ಪಟ್ಟಿಯನ್ನೆಲ್ಲ ಹಾಡಿ ಹೇಳಿಸೋಣ! ರಾತ್ರೋರಾತ್ರಿ ಪದ್ಯ ಸಿದ್ಧ. ರಾಗವೂ ಸಿದ್ಧ. ಹಾಡಿದ್ದು ಯಾರು? ಪೌಲ್ಸನ್ ಅಲ್ಲವೇ ಅಲ್ಲ! ಬೀದಿ ಹಾಡುಗಾರನ ಪಾತ್ರದಲ್ಲಿದ್ದ ಕುರ್ಟ್ ಗೆರೋನ್. ಹಾಡು ಬೇಕೆಂದವರಿಗೆ ಸಿಕ್ಕಿದ್ದು ಟೈ ಮಾತ್ರ!

ಆಗಸ್ಟ್ 31ರ ರಾತ್ರಿ ಮೊದಲ ಪ್ರದರ್ಶನ. ಹಿಡಿಕೆ ತಿರುಗಿಸಿದರೆ ನುಡಿಯಬೇಕಾದ ವಾದ್ಯಪೆಟ್ಟಿಗೆ ಕೈಕೊಟ್ಟಿತು. ಮೊದಲ ಚರಣಕ್ಕೆ ಹಿಮ್ಮೇಳವೇ ಇಲ್ಲ! ಪ್ರೇಕ್ಷಕರು ಮುಖ ಗಂಟಿಕ್ಕಿ ಕೂತಿದ್ದರು. ಆಮೇಲೆ ಬಂತು ‘ಫಿರಂಗಿ ಹಾಡು’. ಜನ ಹುಚ್ಚೆದ್ದರು! ಮತ್ತೆ ಹಾಡಿಸಿಯೇ ಬಿಟ್ಟರು! ಐದು ವರ್ಷ ತುಂಬುವುದರೊಳಗೆ ಆ ನಾಟಕ ಎಷ್ಟು ಭಾಷೆಗೆ ಹೋಯಿತು? ಐದು? ಹತ್ತು? ಹದಿನೆಂಟು!

ಇಲ್ಲಿ ಒಂದು ಕ್ಷಣ ನಿಲ್ಲಬೇಕು. ಆ ಹಾಡನ್ನು ಮೊದಲು ಹಾಡಿದ ಗೆರೋನ್ ಯಹೂದಿ. 1944ರಲ್ಲಿ ನಾಜಿಗಳು ಅವರನ್ನು ಔಶ್ವಿಟ್ಜ್‌ನಲ್ಲಿ ಕೊಂದರು.

ವೈಲ್ ಬದುಕಿದ್ದು ಹೇಗೆ? ಓಡಿ! 1933ರ ಫೆಬ್ರುವರಿ 18. ಹಿಟ್ಲರ್ ಗದ್ದುಗೆಯೇರಿ ಮೂರು ವಾರವೂ ಆಗಿರಲಿಲ್ಲ. ವೈಲ್‌ರ ‘ಬೆಳ್ಳಿ ಸರೋವರ’ ನಾಟಕ ಒಂದೇ ದಿನ ಮೂರು ಊರಿನಲ್ಲಿ ರಂಗವೇರಿತು! ನಾಜಿಗಳು ಗದ್ದಲವೆಬ್ಬಿಸಿ ಅದನ್ನು ನಿಲ್ಲಿಸಿದರು. ಮಾರ್ಚ್‌ನಲ್ಲಿ ವೈಲ್ ಪ್ಯಾರಿಸ್ ಸೇರಿದರು. 1935ರಲ್ಲಿ ನ್ಯೂಯಾರ್ಕ್!

ಮತ್ತೆ ಸೊನ್ನೆಯಿಂದ ಶುರು. ಹೊಸ ದೇಶ, ಹೊಸ ಭಾಷೆ. ಸೋತರೇ? ಅಲ್ಲಿನ ರಂಗಭೂಮಿ ಬ್ರಾಡ್‌ವೇಯನ್ನೇ ಗೆದ್ದರು! ‘ಲೇಡಿ ಇನ್ ದ ಡಾರ್ಕ್’ ಸಂಗೀತನಾಟಕದ ಒಂದು ಹಾಡಿನಲ್ಲಂತೂ ನಟ ಡ್ಯಾನಿ ಕೇ ಸುಮಾರು ಐವತ್ತು ರಷ್ಯನ್ ಸಂಗೀತಗಾರರ ಹೆಸರುಗಳನ್ನು ಪಟಪಟನೆ ಉದುರಿಸಿದರು. ಎಷ್ಟು ಹೊತ್ತಿನಲ್ಲಿ? ನಲವತ್ತು ಸೆಕೆಂಡಿಗೂ ಕಡಿಮೆ! ‘ಸ್ಟ್ರೀಟ್ ಸೀನ್’ಗೆ 1947ರಲ್ಲಿ ರಂಗಭೂಮಿಯ ಟೋನಿ ಪ್ರಶಸ್ತಿ. ಆ ಪ್ರಶಸ್ತಿಗೆ ಅದೇ ಮೊದಲ ವರ್ಷ!

ಇನ್ನು ವೈಲ್‌ರ ಹೆಂಡತಿ, ನಟಿ ಲೊಟ್ಟೆ ಲೆನ್ಯಾ! ಮದುವೆಯಾದದ್ದು 1926ರಲ್ಲಿ. ವಿಚ್ಛೇದನ 1933ರಲ್ಲಿ. 1937ರಲ್ಲಿ ಮತ್ತೆ ಮದುವೆ, ಅದೇ ಗಂಡನ ಜೊತೆ! ಬಾಂಡ್ ಚಿತ್ರ ‘ಫ್ರಮ್ ರಷ್ಯಾ ವಿತ್ ಲವ್’ ನೋಡಿದ್ದೀರಾ? ಬೂಟಿನ ತುದಿಯಿಂದ ವಿಷದ ಅಲಗು ಹೊರತೆಗೆದು ಒದೆಯುವ ಆ ಭಯಂಕರ ಹೆಂಗಸು ಇವರೇ!

ವೈಲ್ 1950ರಲ್ಲಿ ತೀರಿಕೊಂಡರು. ವಯಸ್ಸು ಬರೀ ಐವತ್ತು. ಹಾಡು ಮಾತ್ರ ನಿಲ್ಲಲೇ ಇಲ್ಲ! 1955ರಲ್ಲಿ ಜಾಝ್ ಗಾಯಕ ಲೂಯಿ ಆರ್ಮ್‌ಸ್ಟ್ರಾಂಗ್ ಅದನ್ನು ಧ್ವನಿಮುದ್ರಿಸುವಾಗ ಲೆನ್ಯಾ ಸ್ಟುಡಿಯೋದಲ್ಲೇ ಇದ್ದರು. ಆರ್ಮ್‌ಸ್ಟ್ರಾಂಗ್ ಏನು ಮಾಡಿದರು ಗೊತ್ತೇ? ಮ್ಯಾಕ್‌ನ ಹೆಂಗಸರ ಪಟ್ಟಿಗೆ ಲೆನ್ಯಾರ ಹೆಸರನ್ನೂ ಸೇರಿಸಿ ಹಾಡಿಬಿಟ್ಟರು! ಡಾರಿನ್ ಅದನ್ನು ಹಾಗೇ ಉಳಿಸಿಕೊಂಡರು. ರಾಗ ಹಾಕಿದವರ ಪತ್ನಿಯ ಹೆಸರು ಚೂರಿಗಾರನ ಹಾಡಿನೊಳಗೆ ಕೂತು ಅಮೆರಿಕದ ಮನೆಮನೆ ಹೊಕ್ಕಿತು!

ಇಷ್ಟಕ್ಕೇ ಮುಗಿಯಿತೇ? ಇಲ್ಲ! 1960ರಲ್ಲಿ ಗಾಯಕಿ ಎಲ್ಲಾ ಫಿಟ್ಜ್‌ಜೆರಾಲ್ಡ್ ಈ ಹಾಡನ್ನು ಹಾಡಿದ್ದು ಎಲ್ಲಿ? ಬರ್ಲಿನ್‌ನಲ್ಲಿ! ಸಾವಿರಾರು ಜನರ ಮುಂದೆ, ಹಾಡಿನ ನಟ್ಟನಡುವೆ ಸಾಹಿತ್ಯ ಮರೆತೇಹೋಯಿತು. ನಿಲ್ಲಿಸಿದರೇ? ಎಲ್ಲಿಯ ಮಾತು! ನೆನಪಾಗುತ್ತಿಲ್ಲ ಎಂಬುದನ್ನೇ ರಾಗವಾಗಿ ಹಾಡಿದರು. ಡಾರಿನ್‌ರ ಹೆಸರನ್ನು ಎಳೆತಂದರು. ಆರ್ಮ್‌ಸ್ಟ್ರಾಂಗ್‌ರ ಗೊಗ್ಗರು ದನಿಯನ್ನು ಅನುಕರಿಸಿದರು. ಬಾಯಿಗೆ ಬಂದದ್ದನ್ನೆಲ್ಲ ತಾಳಕ್ಕೆ ಕೂರಿಸಿದರು!

ಆ ಮರೆವಿಗೆ ಸಿಕ್ಕಿದ್ದೇನು ಗೊತ್ತೇ? ಗ್ರ್ಯಾಮಿ ಪ್ರಶಸ್ತಿ!