ಉಸಿರು ಬಿಟ್ಟಾಗ ಹೃದಯ ನಿಧಾನವಾಗುವುದೇಕೆ?

ಮಿದುಳಿನ ಬುಡದಿಂದ ಹೊರಟು ಕುತ್ತಿಗೆ, ಎದೆ ದಾಟಿ ಹೊಟ್ಟೆಯವರೆಗೆ ಇಳಿಯುವ ಉದ್ದನೆಯ ನರ ವೇಗಸ್. ಹೃದಯದ ಓಟಕ್ಕೆ ಕಡಿವಾಣ ಹಾಕುವುದು ಇದೇ. 1921ರಲ್ಲಿ ವಿಜ್ಞಾನಿ ಒಟ್ಟೊ ಲೋವಿ ಕಪ್ಪೆಯೊಂದರ ಹೃದಯದ ವೇಗಸ್ ನರವನ್ನು ಪ್ರಚೋದಿಸಿ, ಆ ಹೃದಯದಲ್ಲಿದ್ದ ದ್ರವವನ್ನು ಇನ್ನೊಂದು ಕಪ್ಪೆಯ ಹೃದಯಕ್ಕೆ ಸೇರಿಸಿದರು. ನರ ಮುಟ್ಟದ ಆ ಎರಡನೆಯ ಹೃದಯವೂ ನಿಧಾನವಾಯಿತು! ಕೆಲಸ ಮಾಡಿದ್ದು ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕ. ಶರೀರವಿಜ್ಞಾನದ ಅತಿ ಸುಂದರ ಪ್ರಯೋಗಗಳಲ್ಲಿ ಇದೂ ಒಂದು.

ಒತ್ತಡದಲ್ಲಿ ಇದರ ವಿರುದ್ಧ ನಡೆಯುತ್ತದೆ: ಅಡ್ರಿನಲಿನ್, ಕಾರ್ಟಿಸಾಲ್ ಎಂಬ ಹಾರ್ಮೋನುಗಳು ಏರುತ್ತವೆ. ದೇಹ ಎಚ್ಚರಗೊಂಡು ಎದೆ ಡವಡವ ಎನ್ನುತ್ತದೆ. ಆಘಾತ ಕಂಡವರಲ್ಲಿ, ದುಡಿದು ಬಸವಳಿದವರಲ್ಲಿ ಅಪಾಯ ಕಳೆದ ಮೇಲೂ ಈ ಎಚ್ಚರ ಸುಲಭಕ್ಕೆ ಇಳಿಯದು. ಇದು ಮನಸ್ಸಿನ ದೌರ್ಬಲ್ಯ ಖಂಡಿತ ಅಲ್ಲ.

ಇಲ್ಲಿ ಉಸಿರು ನೆರವಾಗಬಲ್ಲದು. ಉಸಿರು ಎಳೆದಾಗ ಹೃದಯದ ಬಡಿತ ತುಸು ಏರುತ್ತದೆ. ಬಿಟ್ಟಾಗ ವೇಗಸ್ ಪ್ರಭಾವ ಹೆಚ್ಚಿ ಬಡಿತ ಇಳಿಯುತ್ತದೆ. ನಿಮಿಷಕ್ಕೆ ಸುಮಾರು 6 ಉಸಿರಿನ ಲಯದಲ್ಲಿ ಈ ಏರಿಳಿತ ಎದ್ದು ಕಾಣುತ್ತದೆ. ಸೆಕೆಂಡಿಗೆ ಒಂದರಂತೆ ನಾಲ್ಕು ಎಣಿಸುತ್ತ ಎಳೆದು, ಆರು ಎಣಿಸುತ್ತ ಬಿಟ್ಟರೆ ಆ ಲಯ ಸಿಗುತ್ತದೆ. ತಲೆ ಸುತ್ತಿದರೆ ನಿಲ್ಲಿಸಬೇಕು.

ಉಸಿರಾಟವೊಂದೇ ಆಘಾತಕ್ಕೆ ಚಿಕಿತ್ಸೆಯಾಗದು. ನಿದ್ದೆ ಕೆಟ್ಟಿದ್ದರೆ, ಹಳೆಯ ಘಟನೆ ಮತ್ತೆಮತ್ತೆ ಕಾಡುತ್ತಿದ್ದರೆ ತಜ್ಞರ ನೆರವು ಬೇಕೇ ಬೇಕು. ಟೆಲಿ ಮಾನಸ್ ಸಹಾಯವಾಣಿ 14416ರಲ್ಲಿ ಹಗಲೂ ರಾತ್ರಿ ಉಚಿತ ಸಲಹೆ ಕನ್ನಡದಲ್ಲೇ ಸಿಗುತ್ತದೆ.